ಬಾಯಿ ತುಂಬ ಕೊಬ್ಬರಿ ಎಣ್ಣೆ

ಸ್ನೇಹಿತರೇ, ಬೆಳಿಗ್ಗೆ ಆರೂವರೆಗೆ ಅಂಗಳ ಗುಡಿಸುತ್ತಿದ್ದೆ. ಪಕ್ಕದ ಮನೆಯ ಗಿರಿಜಕ್ಕ ಕಾಂಪೌಂಡಿನಾಚೆ ನಿಂತು, ಎರಡು ಬೆರಳನ್ನು ಕೊಂಬಿನಂತೆ ತಲೆಗಿಟ್ಟುಕೊಂಡು ಕುಣಿಯುತ್ತಿದ್ದರು. ಹಲ್ಲಿಗೆ ಒಳ್ಳೆಯದೆಂದು ದಿನವೂ ಕೊಬ್ಬರಿ ಎಣ್ಣೆ ಮುಕ್ಕಳಿಸುತ್ತಾರೆ. ಅದು ಮುಗಿಯುವವರೆಗೆ ಮಾತಿಲ್ಲ.

"ಏನಕ್ಕಾ, ಹೊಸ ಯೋಗಾನಾ?" ಎಂದೆ.

ಇನ್ನೂ ಜೋರಾಗಿ ಕುಣಿದರು. ಕೊನೆಗೆ ಎಣ್ಣೆಯನ್ನು ಅಲ್ಲೇ ಉಗಿದು ಕೂಗಿದರು: "ಹಸು ಕಣೇ! ನಿಮ್ ಯಜಮಾನ್ರು ನೆಟ್ಟಿದ್ ನುಗ್ಗೆ ಗಿಡ ತಿಂತೈತೆ, ಹಿಂದೆ ನೋಡೇ!"

ಪೊರಕೆ ಹಿಡಿದು ಗೇಟಿನ ಪಕ್ಕದ ಗಿಡದತ್ತ ಓಡಿದೆ. ಹಸು ಹೋಯಿತು, ಒಂದು ರೆಂಬೆ ಉಳಿಯಿತು. ಯಜಮಾನರು ತೀರಿಕೊಂಡ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಗ್ತೀಯಾ? ಅರ್ಧಕ್ಕೇ ಉಗಿದ್ನಲ್ಲೇ, ನನ್ ಹಲ್ಲಿನ ಗತಿ ಏನೇ?" ಎನ್ನುತ್ತ ಗಿರಿಜಕ್ಕನೂ ನಕ್ಕರು.

ನಾಳೆ ಬೆಳಿಗ್ಗೆ ಇಬ್ಬರೂ ಸೇರಿ ಗಿಡಕ್ಕೆ ಬೇಲಿ ಕಟ್ಟುತ್ತೇವೆ. ಎಣ್ಣೆ ಆಮೇಲೆ.