ರಾಚವ್ವ ಕಟ್ಟಿದ ಮುಡಿಪು

ಮುಂಬೈಯ ವಿಕ್ರೋಳಿಯ ಆ ಚಾಳಿನಲ್ಲಿ ಯಾರಿಗೆ ಏನೇ ಆಗಬೇಕಿದ್ದರೂ ಮೊದಲು ರಾಚವ್ವನ ಖೋಲಿಗೆ ಬರುತ್ತಿದ್ದರು. ಮಗನ ನೌಕರಿ ಕಾಯಂ ಆಗಬೇಕು, ಸೊಸೆಯ ಹೆರಿಗೆ ಸುಸೂತ್ರವಾಗಬೇಕು, ಮದುವೆಯ ಮಾತು ಕೂಡಿಬರಬೇಕು. ರಾಚವ್ವ ಅರಿಶಿನ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯವನ್ನೋ ಬಳೆಯ ಚೂರನ್ನೋ ಇಟ್ಟು, ವೀರಭದ್ರನ ಹೆಸರು ಹೇಳಿ ಗಂಟು ಬಿಗಿದು ಕೊಡುತ್ತಿದ್ದಳು. ಅವಳ ಕರಾರು ಒಂದೇ: ಕೆಲಸ ಆಗುವ ತನಕ ಗಂಟು ಬಿಚ್ಚಬಾರದು.

"ನಡುವ ಬಿಚ್ಚಿದ್ರ ದೇವರ ಮ್ಯಾಲ ಸಂಶೇ ಪಟ್ಟಂಗ ಆಗತೈತಿ," ಎನ್ನುವಳು. ಮರಾಠಿ ಹೆಂಗಸರೂ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ನಗುವವರು ನಗಲಿ, ನಲ್ಲಿಯ ನೀರನ್ನೂ ನಂಬುವಂತಿಲ್ಲದ ಆ ಊರಿನಲ್ಲಿ ಬಡವರು ನಂಬುವುದಕ್ಕೆ ಬೇರೇನಿತ್ತು?

ಅವಳ ಗಂಡ ಅಣವೀರಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಎಪ್ಪತ್ತೊಂದನೆಯ ಇಸವಿಯಲ್ಲಿ ಅವನ ಎದೆ ತೆರೆದು, ಹೃದಯದಿಂದ ರಕ್ತ ಹೊರಗೆ ಹೋಗುವ ಬಾಗಿಲಿನ ಸೋತ ಕವಾಟವನ್ನು ತೆಗೆದು ಹೊಸದನ್ನು ಕೂರಿಸಿದ್ದರು. ಲೋಹದ ಪಂಜರ, ಅದರೊಳಗೆ ಬೋರೆಹಣ್ಣಿನಷ್ಟು ದೊಡ್ಡ ಚೆಂಡು. ಒಂದೊಂದು ಬಡಿತಕ್ಕೂ ಚೆಂಡು ಮೇಲೇರಿ ಕೆಳಗಿಳಿಯುವಾಗ ಟಕ್, ಟಕ್ ಎಂದು ಹೊರಗೆ ಕೇಳುತ್ತಿತ್ತು. ಕ್ಯಾಂಟೀನಿನಲ್ಲಿ ಜೊತೆಗಾರರು, "ಏನಪಾ ಅಣವೀರಪ್ಪ, ಟೈಮ್ ಎಷ್ಟಾತು?" ಎಂದು ಚೇಷ್ಟೆ ಮಾಡುತ್ತಿದ್ದರು. ಅವನೂ ಎದೆಗೆ ಕಿವಿ ಕೊಟ್ಟಂತೆ ಮಾಡಿ, "ಊಟದ ಹೊತ್ತಾತು," ಎನ್ನುತ್ತಿದ್ದ.

ರಾಚವ್ವನಿಗೆ ಮಾತ್ರ ಆ ಸಪ್ಪಳ ಸೇರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗಲೂ ಅವಳ ಕಿವಿ ಅಲ್ಲೇ ಇರುತ್ತಿತ್ತು.

"ಎಷ್ಟ ಬಡಕೋತೈತಿ ನೋಡ್ರಿ ಇದು."

"ಬಡಕೊಳ್ಳಲಿ ಬಿಡ. ಅದು ಸುಮ್ಮನಾದ್ರ ನೀ ಬಡಕೋಬೇಕಾಕೈತಿ."

ಚೆಂಡಿನ ಸುತ್ತ ರಕ್ತ ಹೆಪ್ಪುಗಟ್ಟದಿರಲಿ ಎಂದು ದಿನಕ್ಕೊಂದು ಗುಳಿಗೆ ಕೊಟ್ಟಿದ್ದರು. ಐದು ವರ್ಷದಲ್ಲಿ ರಾಚವ್ವ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಊಟದ ಜೊತೆ ಉಪ್ಪು ಮರೆತಾಳು, ಗುಳಿಗೆ ಮರೆಯಳು.

ಎಪ್ಪತ್ತಾರರಲ್ಲಿ ಅವನಿಗೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಹಿಡಿಯತೊಡಗಿತು. ಆಸ್ಪತ್ರೆಯ ಡಾಕ್ಟರು, ಕವಾಟ ಸರಿಯಾಗಿ ಕೇಳಿಸುತ್ತಿದೆ, ಹೃದಯಕ್ಕೇ ರಕ್ತ ಕೊಡುವ ನಾಳಗಳು ಕಟ್ಟಿಕೊಂಡಿರಬಹುದು, ಆಂಜಿಯೋಗ್ರಫಿ ಮಾಡಿ ನೋಡೋಣ ಎಂದರು. ವಿವರಿಸಿ ಹೇಳಿದವಳು ಮೋಹಿನಿ ಎಂಬ ನರ್ಸ್, ಉಡುಪಿ ಕಡೆಯವಳು. ಡಾಕ್ಟರ ಮರಾಠಿಯನ್ನು ಕನ್ನಡದವರಿಗೆ ತಿಳಿಸುವುದು ಅವಳ ಪಾಲಿಗೆ ಬಿದ್ದಿದ್ದ ಕೆಲಸ.

"ತೋಳಿನಲ್ಲಿ ಸ್ವಲ್ಪ ಕೊಯ್ದು ನಳಿಗೆ ಹಾಕ್ತಾರೆ ಅಕ್ಕಾ. ಅದು ಹೃದಯದ ಹತ್ತಿರ ಹೋದ ಮೇಲೆ ಮದ್ದು ಬಿಟ್ಟು ಫಿಲ್ಮು ತೆಗೀತಾರೆ. ಆ ಗುಳಿಗೆ ತಗೊಂಡ್ರೆ ರಕ್ತ ನಿಲ್ಲುದಿಲ್ಲ. ಟೆಸ್ಟ್ ಗುರುವಾರ, ಸೋಮವಾರದಿಂದಲೇ ನಿಲ್ಲಿಸಿ. ಟೆಸ್ಟ್ ಆಗುವ ತನಕ ಮುಟ್ಟುದೇ ಬೇಡ, ಆಯ್ತಾ?"

ಆಗುವ ತನಕ. ಇದು ರಾಚವ್ವನದೇ ಕರಾರು. ಮನೆಗೆ ಬಂದವಳೇ ಗುಳಿಗೆಯ ಬಾಟಲಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು, ದೇವರ ಜಗಲಿಯ ಮೇಲಿಟ್ಟು ಕೈಮುಗಿದಳು. ಇಷ್ಟು ವರ್ಷ ಮಂದಿಗಾಗಿ ಕಟ್ಟಿದ್ದಳು. ತನಗಾಗಿ ಕಟ್ಟಿದ್ದು ಅದೇ ಮೊದಲು.

ಗುರುವಾರ ಹೋದರೆ ಎಕ್ಸ್-ರೇ ಮಷೀನು ಕೆಟ್ಟಿತ್ತು. ಕಾರಿಡಾರಿನ ತುಂಬ ಜನ. ಮೋಹಿನಿ ಓಡುತ್ತಲೇ, "ಮುಂದಿನ ಗುರುವಾರ ಬನ್ನಿ ಅಕ್ಕಾ," ಎಂದಳು. ಮುಂದಿನ ಗುರುವಾರ ಮಷೀನು ಸರಿಯಾಗಿತ್ತು, ಫಿಲ್ಮು ಬಂದಿರಲಿಲ್ಲ. ಮತ್ತೆ ಒಂದು ವಾರ.

"ಗುಳಿಗಿ ತಗೋಬೇಕಾಗಿತ್ತೇನ?" ಎಂದು ಅಣವೀರಪ್ಪ ಒಮ್ಮೆ ಕೇಳಿದ.

"ಟೆಸ್ಟ್ ಆಗಿಲ್ಲಲ್ರಿ ಇನ್ನ. ಮುಡಿಪ ಹ್ಯಾಂಗ ಬಿಚ್ಚಲಿ?"

ಅವನು ಹೆಂಡತಿಯ ದೇವರ ವ್ಯವಹಾರದಲ್ಲಿ ತಲೆ ಹಾಕಿದವನಲ್ಲ.

ಮೂರನೆಯ ಮಂಗಳವಾರ ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಅವನು ಉಣ್ಣುತ್ತಿದ್ದ, ಅವಳು ಎದುರಿಗೆ ಕೂತಿದ್ದಳು. ಖೋಲಿ ಇದ್ದಕ್ಕಿದ್ದಂತೆ ದೊಡ್ಡದಾದಂತೆ ಅನಿಸಿತು. ಏಕೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಟಕ್ ಎನ್ನುವುದು ಹತ್ತಿಯಲ್ಲಿ ಸುತ್ತಿಟ್ಟಂತೆ ಮೆತ್ತಗಾಗಿತ್ತು.

"ಏನ್ರೀ, ಸಪ್ಪಳ ಕಡಿಮಿ ಆಗೇತಲ್ಲ!"

ಅವನು ಎಡಗೈಯನ್ನು ಎದೆಯ ಮೇಲಿಟ್ಟು ನೋಡಿದ. "ಹೌದಲ್ಲ," ಎಂದು ನಕ್ಕ. "ನಿನ್ನ ವೀರಭದ್ರ ಎಣ್ಣಿ ಬಿಟ್ಟಾನ ಕಾಣತೈತಿ."

ರಾಚವ್ವನ ಕಣ್ಣು ತುಂಬಿ ಬಂತು. ಮುಡಿಪು ಫಲಿಸುತ್ತಿದೆ! ಆ ಸಂಜೆ ಎಣ್ಣೆಯ ದೀಪ ಬಿಟ್ಟು ತುಪ್ಪದ ದೀಪ ಹಚ್ಚಿದಳು.

ಗುರುವಾರ ಟೆಸ್ಟ್ ಆಯಿತು. ಡಾಕ್ಟರು ಹೊರಗೆ ಬಂದು ಮೋಹಿನಿಯ ಮೂಲಕ ಹೇಳಿದರು. ನಾಳಗಳು ಸ್ವಚ್ಛವಾಗಿದ್ದವು, ಎಲ್ಲಿಯೂ ಕಟ್ಟಿರಲಿಲ್ಲ. ಆದರೆ ಅದೇ ಫಿಲ್ಮಿನಲ್ಲಿ ಪಂಜರದೊಳಗಿನ ಚೆಂಡು ಅರ್ಧಕ್ಕೇ ತಡವರಿಸುವುದು ಕಂಡಿತ್ತು. ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಈಗಲೇ ಮತ್ತೆ ಎದೆ ತೆರೆಯಬೇಕು. ಡಾಕ್ಟರು ಮೋಹಿನಿಯ ಕಡೆ ತಿರುಗಿ, ಸಪ್ಪಳ ಕಡಿಮೆಯಾದದ್ದು ಮನೆಯವರಿಗೆ ಗೊತ್ತಾಗಲಿಲ್ಲವೇ ಕೇಳು, ಎಂದರು.

ಮೋಹಿನಿ ಕೇಳಿದಳು.

"ಗೊತ್ತಾಗಿತ್ತವ್ವ," ಎಂದಳು ರಾಚವ್ವ. "ತುಪ್ಪದ ದೀಪ ಹಚ್ಚಿದ್ನಿ."

ಮೋಹಿನಿ ಡಾಕ್ಟರ ಕಡೆ ತಿರುಗಿದಳು. ಮರಾಠಿಯಲ್ಲಿ, "ಇವರಿಗೆ ಏನೂ ಗೊತ್ತಾಗಲಿಲ್ಲವಂತೆ," ಎಂದಳು.

ಅಣವೀರಪ್ಪ ಎರಡನೆಯ ಆಪರೇಷನ್ನಿನಿಂದ ಏಳಲಿಲ್ಲ.

ಐದನೆಯ ದಿನ ಮೋಹಿನಿ ವಿಳಾಸ ಹುಡುಕಿಕೊಂಡು ಚಾಳಿಗೆ ಬಂದಳು. ಚಾಪೆಯ ತುದಿಯಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದಿದ್ದಳು.

"ಅಕ್ಕಾ, ಆ ಮೊದಲನೇ ಗುರುವಾರ ನಾನು ಹೇಳಬೇಕಿತ್ತು, ಗುಳಿಗೆ ಪುನಃ ಶುರು ಮಾಡಿ ಅಂತ. ನನ್ನ ಬಾಯಿಗೆ ಬರಲೇ ಇಲ್ಲ."

"ನಾನೂ ಕೇಳಬೇಕಾಗಿತ್ತು," ಎಂದಳು ರಾಚವ್ವ. "ನೀ ಡಾಕ್ಟರಗ ಏನ ಹೇಳಿದಿ ಅನ್ನೂದು ನನಗ ತಿಳೀತವ್ವ. ಮುಂಬೈಗೆ ಬಂದು ಹದಿನಾಲ್ಕ ವರ್ಷ ಆತು, ಮರಾಠಿ ಬರ್ತೈತಿ ನನಗ."

ಮೋಹಿನಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ರಾಚವ್ವ ಎದ್ದು ಹೋಗಿ ಜಗಲಿಯ ಮೇಲಿನ ಹಳದಿ ಗಂಟನ್ನು ತಂದು ಇಬ್ಬರ ನಡುವೆ ಇಟ್ಟಳು.

"ಟೆಸ್ಟ್ ಆತಲ್ಲ. ಇನ್ನ ಬಿಚ್ಚಬಹುದು."

ಗಂಟು ಬಲವಾಗಿ ಕೂತಿತ್ತು. ಅವಳ ಉಗುರಿಗೆ ಬಗ್ಗಲಿಲ್ಲ. ಮೋಹಿನಿ ಲೋಟ ಕೆಳಗಿಟ್ಟು, ಇನ್ನೊಂದು ತುದಿಯನ್ನು ಹಿಡಿದು ಎಳೆದಳು.