ತಂತಿಯ ಎಮ್ಮೆ

ಹೊಸ ತಿಪ್ಪಸಂದ್ರದ ಆಂಜನಮ್ಮನವರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಮೊದಲು ಅವರು ಎಮ್ಮೆ ಸಾಕಿ ಮಿಲಿಟರಿ ಕ್ವಾರ್ಟರ್ಸಿಗೆ ಹಾಲು ಹಾಕುತ್ತಿದ್ದರು. ಕೊಟ್ಟಿಗೆಯ ಜಾಗದಲ್ಲಿ ಈಗ ಮೂರಂತಸ್ತಿನ ಮನೆ ಎದ್ದಿದೆ. ಬಾಡಿಗೆಗೆ ಬಂದವರೆಲ್ಲ ಏನನ್ನೋ ಬಚ್ಚಿಡುತ್ತಾರೆ ಎಂಬುದು ಅವರ ಗುಮಾನಿ.

ಮೇಲಿನ ಮನೆಗೆ ಬಂದ ಹಂಸ ಸುರುಳಿಗಟ್ಟಲೆ ತಂತಿ ತಂದಾಗ ಆ ಗುಮಾನಿ ಹೆಚ್ಚಿತು. ಕರೆಂಟ್ ಕದಿಯುವುದಕ್ಕೇ ಇರಬೇಕು ಎಂದುಕೊಂಡು ಮೀಟರ್ ನೋಡಿದರು. ಅಲ್ಲೇನೂ ಸಿಗದೆ, ಒಂದು ಮಧ್ಯಾಹ್ನ ನಲ್ಲಿ ಸೋರುತ್ತಿದೆಯೇ ನೋಡುವ ನೆಪದಲ್ಲಿ ಮೇಲೆ ಹೋದರು.

ಕೋಣೆಯ ನಡುವೆ ತಂತಿಯ ದೊಡ್ಡ ಗೋಜಲೊಂದು ನಿಂತಿತ್ತು.

"ಏನಮ್ಮ ಇದು?"

"ಇದೊಂದು ಚಿತ್ರ, ಆಂಟಿ. ಪೇಪರ್ ಮೇಲೆ ಗೆರೆ ಎಳೆಯೋ ಬದ್ಲು ಗಾಳೀಲಿ ಎಳೀತೀನಿ. ಈ ಕಡೆ ಬಂದು ನೋಡಿ."

ಆಂಜನಮ್ಮ ಅನುಮಾನದಿಂದಲೇ ಪಕ್ಕಕ್ಕೆ ಸರಿದರು. ಗೋಜಲು ಬಿಚ್ಚಿಕೊಂಡಂತಾಗಿ ಬಾಗಿದ ಕೊಂಬು, ಜೋತ ಹೊಟ್ಟೆ, ಬಾಲ ಕಂಡವು.

"ನಾವು ಎಮ್ಮೆ ಸಾಕಿದ್ದು ನಿಂಗ್ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ ಆಂಟಿ. ಹಲಸೂರಲ್ಲಿ ಒಂದ್ ಎಮ್ಮೆ ನೋಡಿದ್ದೆ, ಅಷ್ಟೆ."

ಅವರು ನಂಬದೆ ಎಮ್ಮೆಯ ಹೊಟ್ಟೆಯೊಳಗೆ ಕೈ ತೂರಿಸಿದರು. ಕೈ ಆ ಬದಿಯಿಂದ ಹೊರಬಂತು. ಏನನ್ನಾದರೂ ಬಚ್ಚಿಡಲು ಅಲ್ಲಿ ಒಳಗು ಎಂಬುದೇ ಇರಲಿಲ್ಲ. ಆಮೇಲೆ ಅವರು ಅದರ ಸುತ್ತ ತಿರುಗಿದರು. ಬೆನ್ನು ಸವರಲು ಹೋದ ಅಂಗೈಗೆ ತೆಳ್ಳನೆಯ ಗೆರೆಯೊಂದೇ ತಾಕಿತು.

ಎಮ್ಮೆಯನ್ನು ತಾರಸಿಯ ಮೇಲೆ ನಿಲ್ಲಿಸಲೇ ಎಂದು ಹಂಸ ಕೇಳಿದಾಗ ಆಂಜನಮ್ಮ ಒಪ್ಪಿದರು. ಪಕ್ಕದ ಮನೆಯವರನ್ನು ನಂಬುವ ಹಾಗಿಲ್ಲ ಎಂದು, ತಾವೇ ಸರಪಳಿ ತಂದು ಅದರ ಕಾಲನ್ನು ಕಂಬಕ್ಕೆ ಕಟ್ಟಿ ಬೀಗ ಹಾಕಿದರು.