ಪರದೆ ಯಾರ ಕಡೆಗೆ

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಬೆಸುಗೆಯ ಬಿಸಿ ತಾಗಿ ಅದು ಹುಣಸೆಬೀಜದಂತೆ ನುಣುಪಾಗಿ ಹೊಳೆಯುತ್ತಿತ್ತು. ಕಡೂರಿನ ನಮ್ಮ ಬೀದಿಯ ರೇಷನ್ ಅಂಗಡಿಯ ಬೆರಳಚ್ಚು ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲ. "ಈ ಬೆರಳು ಸಮುದ್ರದಲ್ಲೇ ಉಳ್ಕಂಡ್ತು ಕಣಪ್ಪ, ಬೇರೇದು ತಗೋ" ಎಂದು ಅವರು ಎಡಗೈ ಚಾಚುತ್ತಿದ್ದರು.

ಎದುರು ಮನೆಯವರು. ನಾನು ಚಾಚಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ. ಸರಕು ಹಡಗುಗಳಲ್ಲಿ ರೇಡಿಯೋ, ರಾಡಾರ್ ನೋಡಿಕೊಳ್ಳುವ ಕೆಲಸದಲ್ಲಿ ಆಯುಷ್ಯದ ಬಹುಭಾಗ ಕಳೆದು, ನಿವೃತ್ತರಾಗಿ ಊರಿಗೆ ಬಂದವರು ಹಿತ್ತಲಿನ ತೆಂಗಿನ ಮರಗಳ ಕೆಳಗೆ ಒಂದು ಪುಟ್ಟ ಹಾಯಿದೋಣಿ ಕಟ್ಟತೊಡಗಿದರು. ಸಮುದ್ರ ಘಟ್ಟದಾಚೆ ಎಲ್ಲೋ ಇತ್ತು. ದಾರಿಹೋಕರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಸಾಹೇಬ್ರೆ, ಪ್ರಳಯ ಯಾವಾಗ?" ಎಂದು ಕೇಳುತ್ತಿದ್ದರು. "ನಿಮಗೆ ಹೇಳಿಯೇ ಮಾಡ್ತೀವಿ ಬಿಡಿ" ಎಂದು ಇವರು ಉಜ್ಜುಗೊರಡು ತಳ್ಳುತ್ತಲೇ ಉತ್ತರಿಸುತ್ತಿದ್ದರು.

ದೋಣಿ ತರೀಕೆರೆ ದಾಟಿ ಲಕ್ಕವಳ್ಳಿಯ ಹಿನ್ನೀರಿಗೆ ಹೋಗಬೇಕಿತ್ತು. ಅದರಲ್ಲಿ ಒಂದು ಸಲವಾದರೂ ಚಾಚಿಯನ್ನು ಕೂರಿಸಿಕೊಂಡು ಹೋಗಬೇಕು ಎನ್ನುವುದು ಚಾಚಾರ ಒಂದೇ ಆಸೆ. ಅದು ಇಡೀ ಬೀದಿಗೆ ಗೊತ್ತಿತ್ತು. ಚಾಚಿಯ ಉತ್ತರವೂ ಗೊತ್ತಿತ್ತು. "ಮದ್ವೆಯಾದಾಗಿಂದ ನೀರು ನಿಮ್ಮನ್ನ ಕರ್ಕಂಡೋಗ್ತಿತ್ತು. ಈಗ ನನ್ನೂ ಕರೀತಿದೆಯಾ? ನಾನು ಹತ್ತಲ್ಲ."

ನಾನು ಆಗ ಎಂ.ಎಸ್ಸಿ. ಭೂಗೋಳ ಮುಗಿಸಿ ಮನೆಯಲ್ಲಿದ್ದೆ. ಹೆಚ್ಚು ಮಾತಾಡುವವಳಲ್ಲ. ಚಾಚಾ ಅದನ್ನು ಕೊರತೆಯೆಂದು ಎಣಿಸಲಿಲ್ಲ. ಸಂಜೆ ಹೋದರೆ ಚುಕ್ಕಾಣಿಯ ಹಿಡಿಕೆ ಕೈಗೆ ಕೊಟ್ಟು ಕೂರಿಸುತ್ತಿದ್ದರು. ದೋಣಿ ಮರದ ದಿಮ್ಮಿಗಳ ಮೇಲೆ ನಿಂತಿರುತ್ತಿತ್ತು. ಗಾಳಿ ಬೀಸಿದರೆ ತೆಂಗಿನ ಗರಿಗಳು ಅಲೆಯಂತೆ ಸದ್ದು ಮಾಡುತ್ತಿದ್ದವು. ಗರಿಗಳ ನೆರಳು ಹಲಗೆಗಳ ಮೇಲೆ ಹರಿದಾಡಿ, ನಾವು ನಿಜವಾಗಿ ಸಾಗುತ್ತಿದ್ದೇವೆ ಎನ್ನಿಸುತ್ತಿತ್ತು. ರೈಲು ದೂರದಲ್ಲಿ ಕೂಗಿದಾಗ ಮಾತ್ರ ಊರು ನೆನಪಾಗುತ್ತಿತ್ತು.

ಆ ದಿನಗಳಲ್ಲಿ ಅವರ ಚಿಂತೆ ಒಂದೇ: ಯಂತ್ರಗಳನ್ನು ಎಲ್ಲಿ ಕೂರಿಸುವುದು. ಎರಡು ವಸ್ತುಗಳಿದ್ದವು. ಒಂದು ದಿಕ್ಸೂಚಿ. ಇನ್ನೊಂದು ಜಿಪಿಎಸ್ ಪರದೆ. ದೋಣಿ ಎಲ್ಲಿದೆ, ಕೆಳಗೆ ನೀರು ಎಷ್ಟು ಆಳ ಎಂದು ತೋರಿಸುವಂಥದ್ದು. ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿರುವುದರಿಂದ ಅದು ಬೇಕೇ ಬೇಕಿತ್ತು. ಅಂಗಡಿಯಿಂದ ತಂದ ಅಡಿಕೆ ಹಾಳೆ ತಟ್ಟೆಯನ್ನು ಪರದೆಯ ಅಳತೆಗೆ ಕತ್ತರಿಸಿ, ಅನ್ನದ ಅಂಟಿನಲ್ಲಿ ಅಲ್ಲಲ್ಲಿ ಮೆತ್ತಿ, "ಕಾಣ್ತದಾ? ಬಿಸಿಲು ಬಿದ್ರೆ? ಹಾಯಿ ಅಡ್ಡ ಬಂದ್ರೆ?" ಎಂದು ನನ್ನನ್ನು ಕೇಳುತ್ತಿದ್ದರು. ಇರುವೆಗಳು ಅಂಟು ತಿಂದು ಹಾಳೆ ಬೀಳುತ್ತಿತ್ತು. ಮತ್ತೆ ಮೆತ್ತುತ್ತಿದ್ದರು.

"ಕೊರೆದುಬಿಡಿ ಚಾಚಾ" ಎಂದೆ ಒಮ್ಮೆ.

"ದೋಣೀಲಿ ಒಂದು ತೂತು ಅಂದ್ರೆ ನೀರಿಗೆ ಒಂದು ಬಾಗ್ಲು ಇಟ್ಟಂಗೆ, ಬೇಟಿ. ನೋಡೋರು ಎಲ್ಲಿ ಕೂತಿರ್ತಾರೆ ಅನ್ನೋದು ಮೊದ್ಲು. ಆಮೇಲೆ ತೂತು."

ಕೊನೆಗೆ ಮುಂಭಾಗದ ಪುಟ್ಟ ಕೋಣೆಯ ಹೊರಗೋಡೆಗೆ, ಚುಕ್ಕಾಣಿ ಹಿಡಿದವರಿಗೆ ಎದುರಾಗಿ, ಪರದೆಯನ್ನು ಕೂರಿಸಿದರು. ದಿಕ್ಸೂಚಿಯನ್ನು ಹಿಂದೆ, ತಮ್ಮ ಮಂಡಿಯ ಪಕ್ಕದ ಹಲಗೆಗೆ ಬಿಗಿದರು. ಎಲ್ಲ ಸರಿಯಾಗಿತ್ತು. ಒಂದು ವಾರ ಕಳೆದ ಮೇಲೆ ದಿಕ್ಸೂಚಿ ಇದ್ದಕ್ಕಿದ್ದಂತೆ ಸುಳ್ಳು ಹೇಳತೊಡಗಿತು.

"ಹಡಗಲ್ಲಿ ನಮಾಜಿಗೆ ದಿಕ್ಕು ಕೇಳೋಕೆ ಎಲ್ರೂ ನನ್ ಹತ್ರ ಬರ್ತಿದ್ರು" ಎಂದರು ಚಾಚಾ, ಮುಳ್ಳನ್ನು ದಿಟ್ಟಿಸುತ್ತ. "ಇದನ್ನ ನಂಬಿದ್ರೆ ತೆಂಗಿನಕಾಯಿ ಮಂಡಿಗೆ ಮುಖ ಮಾಡಿ ನಿಲ್ಬೇಕಾಗ್ತದೆ."

ಮೊದಲು ಹಾಡು ಕೇಳಲೆಂದು ದೋಣಿಗೆ ಬಿಗಿದಿದ್ದ ಹಳೆಯ ರೇಡಿಯೋದ ಸ್ಪೀಕರ್ ಮೇಲೆ ಗುಮಾನಿ ಬಂತು. ಅದನ್ನು ಬಿಚ್ಚಿದರು. ತಂತಿಗಳನ್ನು ಬಿಚ್ಚಿದರು. ಮುಳ್ಳು ಕದಲಲಿಲ್ಲ. ಆಮೇಲೆ ಹೊಸ ತಂತಿ ಎಳೆಯಲು ತಮ್ಮ ಪೀಠದ ಕೆಳಗೆ ತೂರಿದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಹಸಿರು ಬಟ್ಟೆಯಲ್ಲಿ ಸುತ್ತಿದ ಗಂಟಿತ್ತು. ಬಿಚ್ಚಿದರೆ, ಸವೆದ ಕುದುರೆ ಲಾಳ.

ಚಾಚಿಯ ತಂದೆ ಅಜ್ಜಂಪುರ ಸ್ಟೇಷನ್ನಿನಿಂದ ಜಟಕಾ ಓಡಿಸುತ್ತಿದ್ದವರು. ಅವರ ಕೊನೆಯ ಕುದುರೆಯ ಲಾಳ ಎದುರು ಮನೆಯ ಹೊಸ್ತಿಲಿನ ಮೇಲೆ ದೃಷ್ಟಿಗೆಂದು ಹೊಡೆದಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಈಗ ಅಲ್ಲಿ ಎರಡು ಮೊಳೆಗಳಷ್ಟೇ ಉಳಿದಿದ್ದವು.

ಚಾಚಿ ಚಹಾ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. "ಎಲ್ರೂ ಇಣುಕಿ ನೋಡಿ ನಗ್ತಾರೆ. ದೃಷ್ಟಿ ಆಗಲ್ವಾ? ನೀವು ಕೂರೋ ಜಾಗದ ಕೆಳಗೇ ಇಟ್ಟೆ."

"ಕಬ್ಬಿಣ ಕಣೇ. ಮುಳ್ಳನ್ನ ಅತ್ಲಾಗೇ ಎಳೀತದೆ."

"ಹಾಗಾದ್ರೆ ತೆಗೆದು ಬಿಸಾಕಿ."

ಚಾಚಾ ಲಾಳವನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಪೀಠದ ಕೆಳಗೇ ಇಟ್ಟರು. "ಇದು ಇಲ್ಲೇ ಇರ್ಲಿ. ದಿಕ್ಸೂಚಿ ಜಾಗ ಬದಲಾಯಿಸ್ತೀನಿ."

ಚಾಚಿ ಒಳಗೆ ಹೋಗಲಿಲ್ಲ. ಅಂದು ಮೊದಲ ಬಾರಿ ನಮ್ಮೆದುರೇ ದೋಣಿಯ ಹತ್ತಿರ ಬಂದು, ಅಂಚಿನ ಮೇಲೆ ಕೈಯಿಟ್ಟು ಒಳಗೆ ನೋಡಿದರು. "ನಾನು ಹತ್ತಿದ್ರೆ ಎಲ್ಲಿ ಕೂರ್ಬೇಕು?" ಚಾಚಾ ನಡುವಿನ ಪೀಠ ತೋರಿಸಿದರು, ಕೋಣೆಗೆ ಬೆನ್ನು, ಚುಕ್ಕಾಣಿಯವರಿಗೆ ಮುಖ. ಚಾಚಿ ಪರದೆಯನ್ನೂ ಪೀಠವನ್ನೂ ನೋಡಿದರು.

"ಅದು ನನ್ ಬೆನ್ನಿಗಾಯ್ತಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ಆವಾಗ್ಲೂ ಹಂಗೇ. ಎಲ್ಲಿದೀರಿ ಅಂತ ನಿಮಗೊಬ್ರಿಗೇ ಗೊತ್ತಿರ್ತಿತ್ತು. ನಾನಿಲ್ಲಿ ರೈಲು ಕೂಗಿದಾಗೆಲ್ಲ ಬಾಗ್ಲು ನೋಡ್ತಿದ್ದೆ."

ಮರುದಿನ ನಾನು ಹೋದಾಗ ಚಾಚಾ ಪರದೆಯನ್ನು ಬಿಚ್ಚಿದ್ದರು. ಒಂದು ತೂತಿಗೆ ಅಷ್ಟು ಹೆದರುತ್ತಿದ್ದ ಮನುಷ್ಯ, ಹಳೆಯ ತೂತುಗಳಿಗೆ ಮರದ ಬೆಣೆ ಬಡಿದು ಹೊಸದಾಗಿ ಕೊರೆಯುತ್ತಿದ್ದರು. ದಿಕ್ಸೂಚಿ ಮುಂದಿನ ಗೋಡೆಗೆ ಹೋಯಿತು, ಲಾಳದಿಂದ ದೂರ. ಪರದೆ ಹಿಂದಕ್ಕೆ, ಅವರ ಮಂಡಿಯ ಪಕ್ಕಕ್ಕೆ ಬಂತು; ಅದರ ಮುಖ ನಡುವಿನ ಪೀಠದ ಕಡೆಗೆ.

"ಚಾಚಾ, ಇಲ್ಲಿಟ್ರೆ ನಿಮಗೆ ಕಾಣೋದೇ ಇಲ್ವಲ್ಲ" ಎಂದೆ.

"ನೋಡೋರು ಎಲ್ಲಿ ಕೂತಿರ್ತಾರೆ ಅಂತ ಈಗ ಗೊತ್ತಾಯ್ತು" ಎಂದು ಅವರು ಮರದ ಪುಡಿಯನ್ನು ಊದಿದರು.

ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ದೋಣಿ ಬೀರೂರು, ತರೀಕೆರೆ ಹಾದು ಹೋದಾಗ ಬಸ್‌ಸ್ಟ್ಯಾಂಡಿನ ಜನ ಎದ್ದು ನಿಂತು ನೋಡಿದರು. ಹಿನ್ನೀರಿನಲ್ಲಿ ಅಂದು ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಚಾಚಿ ಚಪ್ಪಲಿಯನ್ನು ದಡದಲ್ಲಿ ಬಿಟ್ಟು, ನನ್ನ ಭುಜ ಹಿಡಿದು ಹತ್ತಿದರು. ಹಾಯಿ ಮೆಲ್ಲಗೆ ಉಬ್ಬಿತು. ದಡ ಸದ್ದಿಲ್ಲದೆ ಹಿಂದೆ ಸರಿಯಿತು. ನೀರು ಯಾವುದು, ಆಕಾಶ ಯಾವುದು ತಿಳಿಯದ ಬಿಳುಪಿನಲ್ಲಿ ನಾವು ಮೂವರೇ ಇದ್ದೆವು.

"ದಿಕ್ಕು ನಾನು ನೋಡ್ಕಂತೀನಿ" ಎಂದರು ಚಾಚಾ. "ಎಲ್ಲಿದೀವಿ ಅಂತ ನೀನು ಹೇಳು."

ಚಾಚಿ ಪರದೆಯತ್ತ ಬಾಗಿ, ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ನೋಡಿದರು. "ಮಧ್ಯದಲ್ಲಿದೀವಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಎಡಕ್ಕೆ ಬೇಡ, ಅಲ್ಲಿ ಆಳ ಕಮ್ಮಿ." ಚಾಚಾ ತಕ್ಷಣ ಬಲಕ್ಕೆ ತಿರುಗಿಸಿದರು. ಮಾತು ಕೇಳುವ ವಿದ್ಯಾರ್ಥಿಯ ಮುಖ ಅವರದ್ದು.

ಆ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ನಾನು ಈಗ ನಕ್ಷೆಗಳನ್ನು ತಯಾರಿಸುವ ಕೆಲಸದಲ್ಲಿದ್ದೇನೆ. ಯಾವ ನಕ್ಷೆಗೆ ಕೈ ಹಾಕುವ ಮೊದಲೂ, ಇದನ್ನು ನೋಡುವವರು ಎಲ್ಲಿ ಕೂತಿರುತ್ತಾರೆ ಎಂದು ಯೋಚಿಸುತ್ತೇನೆ. ಇದು ಯಾರು ಕಲಿಸಿದ್ದೆಂದು ಕಚೇರಿಯಲ್ಲಿ ಹೇಳಿಲ್ಲ.

ದೋಣಿ ಮತ್ತೆ ತೆಂಗಿನ ಮರಗಳ ಕೆಳಗಿದೆ. ಕೆಲವು ಸಂಜೆ ಚಾಚಿ ಸ್ಟೂಲಿನ ಮೇಲೆ ಕಾಲಿಟ್ಟು ಅದನ್ನು ಹತ್ತಿ, ನಡುವಿನ ಪೀಠದಲ್ಲಿ ಕೂರುತ್ತಾರೆ. ನಾನು ಬ್ಯಾಟರಿ ಚಾರ್ಜ್ ಮಾಡಿ ತಂದು ಜೋಡಿಸಿ, ಹಿಂದೆ, ಲಾಳದ ಮೇಲಿನ ಜಾಗದಲ್ಲಿ ಕೂರುತ್ತೇನೆ. ಪರದೆಯ ಬೆಳಕು ಚಾಚಿಯ ಮುಖದ ಮೇಲೆ ಬೀಳುತ್ತದೆ. ಆಳ ತೋರಿಸುವ ಜಾಗದಲ್ಲಿ ಅಂಕೆಗಳ ಬದಲು ಬರೀ ಗೆರೆ.

ಮೊನ್ನೆ ನಾನು ಕತ್ತು ಬಾಗಿಸಿ ಪರದೆಯನ್ನು ನೋಡಲು ಹೋದೆ. ಚಾಚಿ ಅಂಗೈ ಅಡ್ಡ ಹಿಡಿದರು.

"ನೀನು ದಿಕ್ಕು ನೋಡು, ಬೇಟಿ" ಎಂದರು. "ಎಲ್ಲಿದೀವಿ ಅಂತ ನಾನು ಹೇಳ್ತೀನಿ."